ಸರದಿಯಲ್ಲಿ ಸರಿಯುವ ಪರದೆ: ಟೈಮರಿನ ಲೆಕ್ಕ, ಓದುಗನ ಹೊತ್ತು

ಯಾರೂ ಕೀಲಿ ಒತ್ತದೆ, ಮೌಸ್ ಮುಟ್ಟದೆ, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ತಾನಾಗಿಯೇ ಸರಿಯುತ್ತ ಹೋಗುವ ಗಣಕದ ಪರದೆಯನ್ನು ಕಾಣದ ನಗರವಾಸಿ ಇಂದು ಇರಲಾರ. ರೈಲು ನಿಲ್ದಾಣ, ಬಸ್ ನಿಲ್ದಾಣ, ಬ್ಯಾಂಕು, ಆಸ್ಪತ್ರೆಯ ಹೊರರೋಗಿ ವಿಭಾಗ, ಮತ ಎಣಿಕೆ ಕೇಂದ್ರ, ಮೀನುಗಾರಿಕೆ ಬಂದರು, ಹೀಗೆ ಜನ ಕಾಯುವ ಜಾಗಗಳಲ್ಲೆಲ್ಲ ಈ ಪರದೆ ಇದೆ. ಅದರ ಹಿಂದೆ ಇರುವುದು ಬಹುಪಾಲು ಒಂದು ಸಾಮಾನ್ಯ ಗಣಕ, ಅದರಲ್ಲಿ ಓಡುವ ಒಂದು ತಂತ್ರಾಂಶ, ಆ ತಂತ್ರಾಂಶದೊಳಗೆ ಒಂದು ಟೈಮರ್. ನಿಗದಿಯಾದ ಸೆಕೆಂಡುಗಳು ಕಳೆದೊಡನೆ ಟೈಮರ್ ಸೂಚನೆ ಕೊಡುತ್ತದೆ, ತಂತ್ರಾಂಶ ಮುಂದಿನ ಪುಟವನ್ನು ಎದುರಿಗಿಡುತ್ತದೆ, ಕೊನೆಯ ಪುಟ ಮುಗಿದಾಗ ಮತ್ತೆ ಮೊದಲನೆಯದಕ್ಕೆ ಮರಳುತ್ತದೆ. ಕೇಳಲು ಇಷ್ಟೇ. ಆದರೆ ಪ್ರತಿ ಪುಟಕ್ಕೆ ಎಷ್ಟು ಸೆಕೆಂಡು, ಯಾವ ಭಾಷೆ ಮೊದಲು, ತುರ್ತು ಸಂಗತಿ ಬಂದಾಗ ಸರದಿ ಮುರಿಯಬೇಕೆ ಎಂಬ ಪ್ರಶ್ನೆಗಳಿಗೆ ತಂತ್ರಾಂಶ ಬರೆಯುವವನು ಕೊಡುವ ಉತ್ತರವೇ ಪರದೆಯ ಮುಂದೆ ನಿಂತವರಲ್ಲಿ ಯಾರು ಓದಿ ಮುಗಿಸುತ್ತಾರೆ, ಯಾರು ಅರ್ಧಕ್ಕೇ ಬಿಡುತ್ತಾರೆ ಎಂಬುದನ್ನು ತೀರ್ಮಾನಿಸುತ್ತದೆ.

ಉಡುಪಿ ಜಿಲ್ಲೆಯ ತ್ರಾಸಿಯನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ನೋಡುವುದು ಅನುಕೂಲಕರ. ತ್ರಾಸಿ–ಮರವಂತೆಯ ಕಡಲತೀರ ರಾಜ್ಯದ ಓದುಗರಿಗೆ ಹೊಸದಲ್ಲ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಈಗ 66 ಎಂಬ ಸಂಖ್ಯೆ ಪಡೆದಿರುವ, ಹಿಂದೆ 17 ಎನಿಸಿಕೊಂಡಿದ್ದ ರಾಷ್ಟ್ರೀಯ ಹೆದ್ದಾರಿ. ಇದೇ ತ್ರಾಸಿಯಲ್ಲಿ ಹೆದ್ದಾರಿಯಿಂದ ಕವಲೊಡೆಯುವ ರಸ್ತೆ ಗಂಗೊಳ್ಳಿಯ ಮೀನುಗಾರಿಕೆ ಬಂದರಿಗೆ ಹೋಗುತ್ತದೆ. ಒಳನಾಡಿನ ಕಡೆಗೆ, ಕೊಂಕಣ ರೈಲು ಮಾರ್ಗದಲ್ಲಿ, ಸೇನಾಪುರ ನಿಲ್ದಾಣವಿದೆ. ಹೆದ್ದಾರಿಯ ಪ್ರವಾಸಿ, ರೈಲಿಗೆ ಕಾಯುವ ಪ್ರಯಾಣಿಕ, ಕಡಲಿಗಿಳಿಯುವ ಮೀನುಗಾರ ಈ ಮೂವರೂ ಕೆಲವೇ ಕಿಲೋಮೀಟರುಗಳ ಒಳಗೆ ಸಿಗುವ ಊರು ಇದು. ಮೂವರಿಗೂ ಪರದೆಯಿಂದ ಬೇಕಾದದ್ದು ಬೇರೆ ಬೇರೆ, ಓದಲು ಇರುವ ಬಿಡುವೂ ಬೇರೆ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕನ್ನಡದಲ್ಲಿ ‘ತೆರೆ’ ಎಂದರೆ ಪರದೆಯೂ ಹೌದು, ಕಡಲ ಅಲೆಯೂ ಹೌದು. ತ್ರಾಸಿಯ ಕುರಿತ ಬರಹದಲ್ಲಿ ಇದು ಗೊಂದಲಕ್ಕೆ ಎಡೆಮಾಡುವುದರಿಂದ ಇಲ್ಲಿ ಗಣಕದ್ದನ್ನು ‘ಪರದೆ’ ಎಂದೂ, ಅದರಲ್ಲಿ ಸರದಿಯಂತೆ ಬಂದು ಹೋಗುವುದನ್ನು ‘ಪುಟ’ ಎಂದೂ ಕರೆಯಲಾಗಿದೆ.

ಪರದೆ ಉಳಿಸಲು ಹುಟ್ಟಿದ ಟೈಮರ್

ಗಣಕದ ಪರದೆ ತಾನಾಗಿ ಬದಲಾಗಬೇಕೆಂಬ ಆಲೋಚನೆ ಮೊದಲು ಬಂದದ್ದು ಓದುಗನ ಹಿತಕ್ಕಾಗಿ ಅಲ್ಲ, ಪರದೆಯ ಹಿತಕ್ಕಾಗಿ. ಹಳೆಯ ಗಾಜಿನ ಕೊಳವೆಯ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಗುರುತು ಒಳಬದಿಯ ರಂಜಕದ ಲೇಪದ ಮೇಲೆ ಶಾಶ್ವತವಾಗಿ ಉಳಿದುಬಿಡುತ್ತಿತ್ತು. ಇದನ್ನು ತಪ್ಪಿಸಲು ಜಾನ್ ಸೋಚಾ ಎಂಬವರು ಬರೆದ ಪುಟ್ಟ ತಂತ್ರಾಂಶ 1983ರ ಡಿಸೆಂಬರಿನಲ್ಲಿ ಅಮೆರಿಕದ ಸಾಫ್ಟಾಕ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಅದು ಪರದೆಯನ್ನು ಕಪ್ಪಾಗಿಸುತ್ತಿತ್ತು. ಸ್ಕ್ರೀನ್ ಸೇವರ್ ಎಂಬ ವರ್ಗ ಹುಟ್ಟಿದ್ದು ಹೀಗೆ. ಬಣ್ಣದ ಮೀನುಗಳು, ಹಾರುವ ಕಿಟಕಿಗಳು ಬಂದದ್ದು ಅನಂತರ.

ಓದುಗನಿಗಾಗಿ ಪುಟ ತಿರುವುವ ಕೆಲಸವನ್ನು ಮನೆಮಾತಾಗಿಸಿದ್ದು ಪ್ರಾತ್ಯಕ್ಷಿಕೆಯ ತಂತ್ರಾಂಶಗಳು. ಪವರ್‌ಪಾಯಿಂಟ್ 1987ರಲ್ಲಿ ಮೊದಲು ಮೆಕಿಂತಾಷ್ ಗಣಕಕ್ಕೆ ಬಂದು, 1990ರಲ್ಲಿ ವಿಂಡೋಸ್‌ಗೆ ಬಂತು. ಪ್ರತಿ ಪುಟಕ್ಕೂ ಇಂತಿಷ್ಟು ಸೆಕೆಂಡು ಎಂದು ನಿಗದಿ ಮಾಡಿ, ಎಸ್ಕೇಪ್ ಕೀಲಿ ಒತ್ತುವವರೆಗೂ ಸುತ್ತುತ್ತಿರು ಎಂದು ಹೇಳುವ ಸೌಲಭ್ಯ ಅದರಲ್ಲಿದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿಯೂ ಇದೆ. ಪಂಚಾಯಿತಿ ಕಚೇರಿಯ ಮೂಲೆಯಲ್ಲಿಯೋ, ಶಾಲಾ ವಾರ್ಷಿಕೋತ್ಸವದ ಪಂಡಾಲಿನಲ್ಲಿಯೋ ತಾನಾಗಿ ಸರಿಯುವ ಪರದೆ ಕಂಡರೆ ಅದರ ಹಿಂದಿರುವುದು ಹೆಚ್ಚಾಗಿ ಇವೆರಡರಲ್ಲಿ ಒಂದು. ಚುನಾವಣಾ ಫಲಿತಾಂಶದ ದಿನ ಎಣಿಕೆ ಕೇಂದ್ರಗಳ ಹೊರಗೆ ಕ್ಷೇತ್ರವಾರು ಮುನ್ನಡೆಯನ್ನು ಸರದಿಯಲ್ಲಿ ತೋರಿಸುವ ಫಲಕಗಳದ್ದೂ ಇದೇ ಜಾತಿ. ಆದರೆ ಅಲ್ಲಿ ಅಂಕಿಗಳು ಗಳಿಗೆಗೊಮ್ಮೆ ಬದಲಾಗುವುದರಿಂದ ಪ್ರಾತ್ಯಕ್ಷಿಕೆಯ ತಂತ್ರಾಂಶ ಸಾಲದು, ಬೇರೆಯದೇ ಬರೆಯಬೇಕು.

ಒಳಗೆ ನಡೆಯುವುದೇನು?

ವಿಂಡೋಸ್‌ನಲ್ಲಿ ಕಾರ್ಯಕ್ರಮ ಬರೆಯುವವರು ಬಹುಕಾಲ ಬಳಸಿದ್ದು 1998ರಲ್ಲಿ ಬಂದ ವಿಷುಯಲ್ ಬೇಸಿಕ್‌ನ 6ನೇ ಆವೃತ್ತಿಯನ್ನು. ಅದರ ಟೈಮರಿಗೆ ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ಹೇಳಬೇಕು, ಗರಿಷ್ಠ ಮಿತಿ 65,535. ಅಂದರೆ ಅರವತ್ತೈದು ಸೆಕೆಂಡಿಗೆ ತುಸು ಹೆಚ್ಚು. ಒಂದು ಪುಟವನ್ನು ಎರಡು ನಿಮಿಷ ನಿಲ್ಲಿಸಬೇಕೆಂದರೆ ನೇರವಾಗಿ ಸಾಧ್ಯವಿರಲಿಲ್ಲ. ಹಾಗಾಗಿ ಅನುಭವಿಗಳು ಟೈಮರನ್ನು ಸೆಕೆಂಡಿಗೊಮ್ಮೆ ಮಿಡಿಯಲು ಬಿಟ್ಟು, ಮಿಡಿತಗಳನ್ನು ಎಣಿಸಿ, ಲೆಕ್ಕ ತುಂಬಿದಾಗ ಪುಟ ತಿರುವುತ್ತಿದ್ದರು. ಈ ಉಪಾಯ ಇಂದಿಗೂ ಒಳ್ಳೆಯದೇ. ಪುಟ ಬದಲಾಗಲು ಇನ್ನೆಷ್ಟು ಸೆಕೆಂಡು ಉಳಿದಿದೆ ಎಂದು ಮೂಲೆಯಲ್ಲಿ ತೋರಿಸುವುದು ಇದರಿಂದ ಸುಲಭವಾಗುತ್ತದೆ. ಜಾವಾದಲ್ಲಿ ಇಸ್ಪೀಟಿನ ಎಲೆಗಳಂತೆ ಪುಟಗಳನ್ನು ಒಂದರ ಹಿಂದೊಂದು ಪೇರಿಸಿಡುವ ಕಾರ್ಡ್ ಲೇಔಟ್ ಎಂಬ ವಿನ್ಯಾಸವಿದೆ, ಕ್ಯೂಟಿ ಎಂಬ ಪರಿಕರದಲ್ಲಿಯೂ ಅಂಥದೇ ಇದೆ. ಟೈಮರ್ ಮಿಡಿದಾಗ ಮೇಲಿನ ಎಲೆ ಹಿಂದಕ್ಕೆ, ಮುಂದಿನ ಎಲೆ ಮೇಲಕ್ಕೆ.

ವಿಂಡೋಸ್‌ನ ಸಾಮಾನ್ಯ ಟೈಮರ್ ಗಡಿಯಾರದಷ್ಟು ಕಟ್ಟುನಿಟ್ಟಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ. ಅದರ ಸೂಚನೆಗೆ ವ್ಯವಸ್ಥೆಯಲ್ಲಿ ಕೆಳಗಿನ ಆದ್ಯತೆ. ತಂತ್ರಾಂಶ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಸೂಚನೆ ಕಾಯುತ್ತದೆ, ತಪ್ಪಿಹೋದ ಮಿಡಿತಗಳು ಸಾಲುಗಟ್ಟುವುದಿಲ್ಲ, ಒಂದಾಗಿ ಸೇರಿಹೋಗುತ್ತವೆ. ಹತ್ತು ಸೆಕೆಂಡಿನ ಪುಟ ಹತ್ತೂಕಾಲು ಸೆಕೆಂಡು ನಿಂತರೆ ಯಾರಿಗೂ ನಷ್ಟವಿಲ್ಲ. ನಷ್ಟವಾಗುವುದು, ಪುಟ ತಿರುವುವ ಗಳಿಗೆಯಲ್ಲಿಯೇ ದೂರದ ಸರ್ವರಿನಿಂದ ಮಾಹಿತಿ ತರಲು ಹೊರಟಾಗ. ಸಂಪರ್ಕ ನಿಧಾನವಾದರೆ ಪರದೆ ಹೆಪ್ಪುಗಟ್ಟುತ್ತದೆ, ಪ್ರಯಾಣಿಕರು ಅರ್ಧ ಬರೆದ ಪುಟವನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಆದ್ದರಿಂದ ಮಾಹಿತಿ ತರುವವನು ಬೇರೆ, ಪುಟ ತಿರುವುವವನು ಬೇರೆ ಇರಬೇಕು. ತರುವವನು ಹಿನ್ನೆಲೆಯಲ್ಲಿ ತಂದು ಸಿದ್ಧವಾಗಿಡಲಿ, ತಿರುವುವವನು ಸಿದ್ಧವಿದ್ದುದನ್ನು ಮಾತ್ರ ತೋರಿಸಲಿ.

ಇನ್ನೊಂದು ಹಳೆಯ ಕಥೆ ಸಾರ್ವಜನಿಕ ಪರದೆಗಳಿಗೆ ಇಂದಿಗೂ ಪಾಠವಾಗಿದೆ. ವಿಂಡೋಸ್ 95 ಮತ್ತು 98 ಆವೃತ್ತಿಗಳು ಗಣಕ ಚಾಲೂ ಆದಂದಿನಿಂದ ಕಳೆದ ಮಿಲಿಸೆಕೆಂಡುಗಳನ್ನು 32 ಬಿಟ್‌ಗಳ ಸಂಖ್ಯೆಯಲ್ಲಿ ಎಣಿಸುತ್ತಿದ್ದವು. ಆ ಎಣಿಕೆ 49.7 ದಿನಗಳಲ್ಲಿ ತುಂಬಿ ಸೊನ್ನೆಗೆ ಮರಳುತ್ತಿತ್ತು, ಗಣಕ ಅಲ್ಲಿಗೆ ಸ್ತಬ್ಧವಾಗುವ ಸಂಭವವಿತ್ತು. ಮನೆಯ ಗಣಕವನ್ನು ಅಷ್ಟು ದಿನ ಯಾರೂ ಬಿಡದೆ ಓಡಿಸುವುದಿಲ್ಲವಾದ್ದರಿಂದ ದೋಷ ಬಹುಕಾಲ ಅಡಗಿಯೇ ಇತ್ತು. ವಿಂಡೋಸ್ ವಿಸ್ಟಾದಿಂದೀಚೆಗೆ 64 ಬಿಟ್‌ಗಳ ಎಣಿಕೆ ಲಭ್ಯವಿದೆ. ಆದರೂ ಹಳೆಯ ಎಣಿಕೆಯನ್ನೇ ನೆಚ್ಚಿ ಬರೆದ ತಂತ್ರಾಂಶ ಇಂದೂ ಐವತ್ತನೆಯ ದಿನ ಕೈಕೊಡಬಲ್ಲದು. ಗೋಡೆಗಡಿಯಾರದ ವೇಳೆಯನ್ನು ನೋಡಿ ಪುಟ ತಿರುವುವುದೂ ಅಪಾಯವೇ. ಅಂತರಜಾಲದಿಂದ ವೇಳೆ ಸರಿಪಡಿಸಿಕೊಂಡ ಗಣಕ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದರೆ ಪುಟವೂ ಹತ್ತು ನಿಮಿಷ ಅಲ್ಲಾಡುವುದಿಲ್ಲ.

ಮೂರು ಭಾಷೆ, ಒಂದು ಪರದೆ

ರೈಲು ನಿಲ್ದಾಣದ ಫಲಕಗಳು ರಾಜ್ಯದ ಭಾಷೆ, ಹಿಂದಿ ಮತ್ತು ಇಂಗ್ಲಿಷ್ ಮೂರರಲ್ಲಿಯೂ ಇರಬೇಕೆಂಬುದು ರೈಲ್ವೆಯ ಪದ್ಧತಿ. ಬಣ್ಣದಲ್ಲಿ ಬರೆದ ಹಳದಿ ಫಲಕದಲ್ಲಿ ಮೂರೂ ಒಟ್ಟಿಗೇ ಇರುತ್ತವೆ. ವಿದ್ಯುತ್ ಫಲಕದಲ್ಲಿ ಜಾಗ ಸಾಲದು, ಮೂರೂ ಸರದಿಯಲ್ಲಿ ಬರುತ್ತವೆ. ಇಲ್ಲಿಂದ ಲೆಕ್ಕ ಶುರು.

ನಾಲ್ಕು ಪುಟಗಳಷ್ಟು ರೈಲುಗಳ ವಿವರವಿದೆ, ಮೂರು ಭಾಷೆಗಳಿವೆ, ಪುಟಕ್ಕೆ 10 ಸೆಕೆಂಡು ಎಂದಿಟ್ಟುಕೊಳ್ಳೋಣ. ಹನ್ನೆರಡು ಪುಟಗಳ ಒಂದು ಸುತ್ತಿಗೆ 120 ಸೆಕೆಂಡು. ತನ್ನ ರೈಲಿನ ಕನ್ನಡ ಪುಟ ಆಗಷ್ಟೇ ಮಾಯವಾದಾಗ ಬಂದು ನಿಂತ ಪ್ರಯಾಣಿಕ ಅದು ಮತ್ತೆ ಕಾಣಿಸಲು 110 ಸೆಕೆಂಡು ಕಾಯಬೇಕು. ಪ್ರತಿ ನಾಲ್ಕು ಪುಟಕ್ಕೊಂದು ಜಾಹೀರಾತು ಸೇರಿಸಿದರೆ ಸುತ್ತು 150 ಸೆಕೆಂಡಿಗೆ ಹಿಗ್ಗುತ್ತದೆ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದೇ ಸಾಮಾನ್ಯವಾಗಿ ಒಂದೆರಡು ನಿಮಿಷ. ಅಂದರೆ ಪರದೆ ಒಂದು ಸುತ್ತು ಮುಗಿಸುವುದರೊಳಗೆ ರೈಲು ಬಂದು ನಿಂತು ಹೊರಟಿರಬಹುದು. ಜಾಹೀರಾತಿನ ಪುಟಕ್ಕೆ ಬಾಡಿಗೆ ಬರುತ್ತದೆ ನಿಜ. ಆ ಬಾಡಿಗೆಯನ್ನು ತೆರುವವನು ಕಾಯುತ್ತಿರುವ ಪ್ರಯಾಣಿಕ ಎಂಬುದು ಲೆಕ್ಕಪತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಸರದಿಯ ಕ್ರಮವೂ ಯೋಚಿಸಬೇಕಾದದ್ದೇ. ಮೊದಲು ಕನ್ನಡದ ನಾಲ್ಕೂ ಪುಟ, ಅನಂತರ ಹಿಂದಿಯ ನಾಲ್ಕು, ಆಮೇಲೆ ಇಂಗ್ಲಿಷಿನ ನಾಲ್ಕು ಎಂದಾದರೆ ಕನ್ನಡ ಮಾತ್ರ ಬಲ್ಲವನ ಎದುರು ಒಂದೇ ಸಮನೆ 80 ಸೆಕೆಂಡು ಅರ್ಥವಾಗದ ಲಿಪಿ ಹರಿಯುತ್ತದೆ. ಆತ ತನ್ನ ಭಾಷೆ ಇಲ್ಲಿಲ್ಲವೆಂದು ತೀರ್ಮಾನಿಸಿ ಪಕ್ಕದವರನ್ನು ಕೇಳಲು ಹೊರಡುತ್ತಾನೆ. ಪ್ರತಿ ಪುಟವನ್ನೂ ಬೆನ್ನುಬೆನ್ನಿಗೆ ಮೂರು ಭಾಷೆಗಳಲ್ಲಿ ತೋರಿಸಿದರೆ 20 ಸೆಕೆಂಡುಗಳ ಬಿಡುವಿನ ನಂತರ ಮತ್ತೆ ಕನ್ನಡ ಕಾಣುತ್ತದೆ. ನಿರ್ದಿಷ್ಟ ಪುಟ ಮರಳಲು ಬೇಕಾದ ಕಾಲ ಎರಡರಲ್ಲಿಯೂ ಅಷ್ಟೇ, ಆದರೆ ಎರಡನೆಯದರಲ್ಲಿ ಓದುಗ ಕಾಯುವ ಭರವಸೆ ಕಳೆದುಕೊಳ್ಳುವುದಿಲ್ಲ. ಇವೆರಡಕ್ಕಿಂತ ಉತ್ತಮವಾದದ್ದು, ಪರದೆ ದೊಡ್ಡದಿದ್ದಲ್ಲಿ ಸುತ್ತುವುದನ್ನೇ ಬಿಟ್ಟು ಮೂರು ಭಾಷೆಗಳನ್ನೂ ಒಂದೇ ಪುಟದಲ್ಲಿ ಕೂಡಿಸುವುದು. ಹಳದಿ ಫಲಕ ಬರೆಯುತ್ತಿದ್ದವರಿಗೆ ಗೊತ್ತಿದ್ದ ವಿದ್ಯೆಯೇ ಇದು.

ಕನ್ನಡ ಲಿಪಿಯ ಸ್ವಭಾವ ಟೈಮರಿಗೆ ಇನ್ನೊಂದು ತೊಡಕನ್ನು ಒಡ್ಡುತ್ತದೆ. ಕೆಲವು ತಂತ್ರಾಂಶಗಳು ಪುಟದಲ್ಲಿರುವ ಅಕ್ಷರಗಳನ್ನು ಎಣಿಸಿ ಅವಧಿಯನ್ನು ತಾವೇ ನಿರ್ಧರಿಸುತ್ತವೆ. ಆದರೆ ಗಣಕ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಕಣ್ಣು ಓದುವುದು ಅಕ್ಷರಗಳನ್ನು. ‘ತ್ರಾಸಿ’ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರ. ಗಣಕಕ್ಕೆ ಅದು ತಕಾರ, ವಿರಾಮ, ರಕಾರ, ದೀರ್ಘ, ಸಕಾರ, ಗುಡಿಸು ಎಂದು ಆರು ಸಂಕೇತ. ‘ಕುಂದಾಪುರ’ ಕಣ್ಣಿಗೆ ನಾಲ್ಕು, ಗಣಕಕ್ಕೆ ಎಂಟು. ‘ಸುಬ್ರಹ್ಮಣ್ಯ’ ಕಣ್ಣಿಗೆ ನಾಲ್ಕು, ಗಣಕಕ್ಕೆ ಹನ್ನೊಂದು. ಇಂಗ್ಲಿಷಿಗೆ ಹೊಂದಿಸಿದ ಲೆಕ್ಕವನ್ನು ಹಾಗೆಯೇ ಕನ್ನಡಕ್ಕೆ ತಂದರೆ ಒತ್ತಕ್ಷರ ಹೆಚ್ಚಿರುವ ಪುಟ ಸುಮ್ಮನೆ ನಿಂತಿರುತ್ತದೆ, ಇಲ್ಲದ ಪುಟ ಓಡಿಹೋಗುತ್ತದೆ. ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವ ಅಲಂಕಾರವಂತೂ ಕನ್ನಡಕ್ಕೆ ಸಲ್ಲದು. ‘ತ್’ ಎಂದು ಬಂದು, ಮರುಗಳಿಗೆ ಅದು ‘ತ್ರ’ ಆಗಿ, ಆಮೇಲೆ ‘ತ್ರಾ’ ಆಗುವುದನ್ನು ನೋಡುತ್ತ ಯಾರೂ ಓದಲಾರರು.

ಎತ್ತರದ ಸಮಸ್ಯೆಯೂ ಇದೆ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಐದು ಅಡ್ಡ, ಏಳು ಉದ್ದದ ಚುಕ್ಕಿಗಳಲ್ಲಿ ಬರೆದುಬಿಡಬಹುದು. ಕನ್ನಡದಲ್ಲಿ ತಲೆಕಟ್ಟು ಮೇಲೆ, ಒತ್ತು ಕೆಳಗೆ, ‘ರಾಷ್ಟ್ರೀಯ’ದಂಥ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ಸಾಲಿನ ಎತ್ತರ ಸಾಲದ ಫಲಕದಲ್ಲಿ ಒತ್ತು ಕತ್ತರಿಸಿಹೋಗುತ್ತದೆ ಅಥವಾ ಅಕ್ಷರಗಳನ್ನು ಕುಗ್ಗಿಸಬೇಕಾಗುತ್ತದೆ. ಕುಗ್ಗಿದ ಅಕ್ಷರವನ್ನು ದೂರದಿಂದ ಓದಲು ಹೆಚ್ಚು ಹೊತ್ತು ಬೇಕು. ಆದರೂ ಮೂರು ಭಾಷೆಗಳಿಗೂ ಸಮನಾಗಿ ಹತ್ತತ್ತು ಸೆಕೆಂಡು ಹಂಚುವುದೇ ನ್ಯಾಯವೆಂಬ ಭಾವನೆ ತಂತ್ರಾಂಶ ಬರೆಯುವವರಲ್ಲಿದೆ. ಸಮಪಾಲು ಎಲ್ಲ ಕಡೆಯೂ ನ್ಯಾಯವಾಗುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ, ಫಾಂಟಿಗೆ ಕಟ್ಟಿಬಿದ್ದ ಸಂಕೇತಗಳಲ್ಲಿ ಕನ್ನಡವನ್ನು ಉಳಿಸುತ್ತಿದ್ದ ಕಾಲದಲ್ಲಿ ಸಮಸ್ಯೆ ಇನ್ನೂ ಮೂಲಭೂತದ್ದಾಗಿತ್ತು. ಗಣಕದಲ್ಲಿ ಆ ಫಾಂಟು ಇಲ್ಲದಿದ್ದರೆ ಕನ್ನಡ ಪುಟದ ಸರದಿ ಬಂದಾಗ ಹತ್ತು ಸೆಕೆಂಡು ಬರಿಯ ಗೀಚುಗಳು ಕಾಣುತ್ತಿದ್ದವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನೊಂದಿಗೆ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ತಂದ ಮೇಲೆ ಈ ಕಷ್ಟ ಕ್ರಮೇಣ ಇಳಿಯಿತು.

ಹಾಗಾದರೆ ಒಂದು ಪುಟಕ್ಕೆ ಎಷ್ಟು ಹೊತ್ತು? ಸೂತ್ರಗಳಿಗಿಂತ ಒಂದು ಸರಳ ಪರೀಕ್ಷೆ ಮೇಲು. ಆ ಪುಟವನ್ನು ಮೊದಲ ಸಲ ನೋಡುತ್ತಿರುವ ಹಿರಿಯರೊಬ್ಬರನ್ನು ಪರದೆಯಿಂದ ತಕ್ಕಷ್ಟು ದೂರ ನಿಲ್ಲಿಸಿ, ಅವಸರವಿಲ್ಲದೆ ಗಟ್ಟಿಯಾಗಿ ಎರಡು ಬಾರಿ ಓದಿಸಬೇಕು. ಅದಕ್ಕೆ ಹಿಡಿದ ಕಾಲವೇ ಆ ಪುಟದ ಅವಧಿ. ಬರೆದವನು ತಾನೇ ಓದಿ ನೋಡಿದರೆ ಪ್ರಯೋಜನವಿಲ್ಲ, ಅವನಿಗೆ ಪಾಠ ಬಾಯಿಪಾಠವಾಗಿರುತ್ತದೆ.

ಬಂದರಿನ ಪರದೆ

ರೈಲು ತಪ್ಪಿದರೆ ಇನ್ನೊಂದು ರೈಲು ಬರುತ್ತದೆ. ಕಡಲಿನ ಮಾಹಿತಿಯಲ್ಲಿ ಅಷ್ಟು ಸಲಿಗೆ ಇಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯ್ಸ್, 1999ರಲ್ಲಿ ಸ್ಥಾಪನೆಯಾದ ಸಂಸ್ಥೆ. ಉಪಗ್ರಹಗಳು ಅಳೆದ ಸಮುದ್ರ ಮೇಲ್ಮೈಯ ಉಷ್ಣತೆ, ನೀರಿನಲ್ಲಿರುವ ಹರಿತ್ತಿನ ಪ್ರಮಾಣ ಇವುಗಳನ್ನು ಆಧರಿಸಿ ಮೀನು ಸಿಗುವ ಸಂಭವವಿರುವ ವಲಯಗಳನ್ನು ಅದು ಗುರುತಿಸುತ್ತದೆ. ಅಲೆಯ ಎತ್ತರ, ಗಾಳಿಯ ವೇಗ, ನೀರಿನ ಸೆಳೆತಗಳ ಮುನ್ಸೂಚನೆಯನ್ನೂ ಕೊಡುತ್ತದೆ. ಈ ಮಾಹಿತಿಯನ್ನು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಹೊರಡಿಸಲಾಗುತ್ತದೆ. ದೇಶದ ಪ್ರಮುಖ ಮೀನುಗಾರಿಕೆ ಬಂದರುಗಳಲ್ಲಿ ವಿದ್ಯುನ್ಮಾನ ಫಲಕಗಳನ್ನು ನಿಲ್ಲಿಸಿ ಅವುಗಳ ಮೂಲಕವೂ ತೋರಿಸುವ ಏರ್ಪಾಡು ನಡೆದುಬಂದಿದೆ.

ಮೀನು ವಲಯದ ಸೂಚನೆಯ ಒಂದು ಸಾಲನ್ನು ನೋಡಿದರೆ ಅದನ್ನು ಓದುವುದು ಎಂಥ ಕೆಲಸವೆಂದು ತಿಳಿಯುತ್ತದೆ. ದಡದ ಊರಿನ ಹೆಸರು, ದಿಕ್ಕು, ದಿಕ್ಕಿನ ಕೋನ, ದೂರ ಎಷ್ಟರಿಂದ ಎಷ್ಟು ಕಿಲೋಮೀಟರು, ಆಳ ಎಷ್ಟರಿಂದ ಎಷ್ಟು ಮೀಟರು, ಅಕ್ಷಾಂಶ, ರೇಖಾಂಶ. ಒಂದು ಸಾಲಿಗೆ ಒಂಬತ್ತು ಅಂಶ. ಪುಟದಲ್ಲಿ ಐದು ಸಾಲಿದ್ದರೆ ನಲವತ್ತೈದು. ಬೋಟಿನ ತಾಂಡೇಲ ಇದನ್ನು ಓದಿ ಬಿಡುವುದಿಲ್ಲ, ತನ್ನ ಊರಿನ ಸಾಲನ್ನು ಹುಡುಕಿ, ಅಕ್ಷಾಂಶ ರೇಖಾಂಶಗಳ ಅಂಶ, ಕಲೆ, ವಿಕಲೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ ಇಲ್ಲವೇ ಜಿಪಿಎಸ್ ಯಂತ್ರಕ್ಕೆ ತುಂಬುತ್ತಾನೆ. ಒಂದು ಅಂಕಿ ತಪ್ಪಿದರೆ ಡೀಸೆಲ್ ಸುಟ್ಟು ಬರಿಗೈಯಲ್ಲಿ ಮರಳಬೇಕು. ಹತ್ತು ಸೆಕೆಂಡಿನ ಪುಟ ಅವನಿಗೆ ಯಾವ ಉಪಕಾರವನ್ನೂ ಮಾಡದು. ಇಂಥ ಕಡೆ ಒಂದೋ ಪರದೆಯಲ್ಲಿ ಸಾಲುಗಳನ್ನು ಕಡಿಮೆ ಮಾಡಿ ನಿಮಿಷದಷ್ಟು ನಿಲ್ಲಿಸಬೇಕು, ಇಲ್ಲವೇ ತಡೆದು ನಿಲ್ಲಿಸುವ ಗುಂಡಿಯೊಂದನ್ನು ಓದುಗನ ಕೈಗೆಟುಕುವಂತೆ ಇಡಬೇಕು. ಪಕ್ಕದಲ್ಲಿ ಒಂದು ಮುದ್ರಿತ ಹಾಳೆ ಅಂಟಿಸುವುದೂ ಅವಮಾನದ ಕೆಲಸವಲ್ಲ.

ಟೈಮರಿನ ಅತಿ ದೊಡ್ಡ ಅಪಾಯ ಇದಕ್ಕಿಂತ ಬೇರೆ. ಮುದ್ರಿತ ಹಾಳೆ ಹಳೆಯದಾದರೆ ಬಣ್ಣ ಮಾಸುತ್ತದೆ, ಅಂಚು ಸುರುಳಿಯಾಗುತ್ತದೆ, ನೋಡಿದವನಿಗೆ ಅನುಮಾನ ಹುಟ್ಟುತ್ತದೆ. ಸರದಿಯಲ್ಲಿ ಸರಿಯುವ ಪರದೆಗೆ ಆ ಗುಣವಿಲ್ಲ. ಸಂಪರ್ಕ ಕಡಿದು ಎರಡು ದಿನವಾಗಿದ್ದರೂ ಟೈಮರ್ ಮಿಡಿಯುತ್ತಲೇ ಇರುತ್ತದೆ, ಪುಟಗಳು ಠೀವಿಯಿಂದ ಸರಿಯುತ್ತಲೇ ಇರುತ್ತವೆ, ಮೊನ್ನೆಯ ಅಲೆಯ ಎತ್ತರ ಇಂದಿನದೆಂಬಂತೆ ಕಾಣುತ್ತದೆ. ಚಲನೆಯನ್ನು ಕಂಡವನು ಮಾಹಿತಿಯೂ ತಾಜಾ ಎಂದೇ ನಂಬುತ್ತಾನೆ. ಆದ್ದರಿಂದ ಪ್ರತಿ ಪುಟದಲ್ಲಿಯೂ ಆ ಮಾಹಿತಿ ಯಾವ ದಿನ, ಯಾವ ಗಂಟೆಯದು ಎಂಬುದು ಕಾಣಬೇಕು, ಮತ್ತು ಅವಧಿ ಮೀರಿದ ಪುಟ ತಾನಾಗಿಯೇ ಸರದಿಯಿಂದ ಹೊರಬೀಳಬೇಕು. ಹಳೆಯ ಅಂಕಿ ತೋರಿಸುವುದಕ್ಕಿಂತ ‘ಮಾಹಿತಿ ಬಂದಿಲ್ಲ’ ಎಂಬ ಖಾಲಿ ಪುಟ ಸಾವಿರ ಪಾಲು ಮೇಲು.

ಸರದಿ ಮುರಿಯುವ ಎಚ್ಚರಿಕೆ

ಎಚ್ಚರಿಕೆಯ ಸಂದೇಶಗಳಿಗೆ ಈ ವಿಚಾರದಲ್ಲಿ ಅಂತರರಾಷ್ಟ್ರೀಯ ಕ್ರಮವೊಂದು ಇದೆ. ಕಾಮನ್ ಅಲರ್ಟಿಂಗ್ ಪ್ರೋಟೊಕಾಲ್ ಎಂಬ ಈ ವಿಧಾನದ 1.2ನೇ ಆವೃತ್ತಿ 2010ರಲ್ಲಿ ಸಿದ್ಧವಾಯಿತು. ಅದರಂತೆ ರಚಿಸಿದ ಸಂದೇಶದಲ್ಲಿ ತುರ್ತು ಎಷ್ಟು, ತೀವ್ರತೆ ಎಷ್ಟು, ಖಚಿತತೆ ಎಷ್ಟು, ಯಾವಾಗಿನಿಂದ ಜಾರಿ, ಯಾವಾಗ ಮುಕ್ತಾಯ ಎಂಬುದಕ್ಕೆಲ್ಲ ಪ್ರತ್ಯೇಕ ಅಂಕಣಗಳಿವೆ, ಒಂದೇ ಸಂದೇಶವನ್ನು ಹಲವು ಭಾಷೆಗಳಲ್ಲಿ ಕೂಡಿಸಲು ಜಾಗವಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ನಡೆಯುವುದು ಈ ಕ್ರಮದ ಮೇಲೆಯೇ. 2023ರಲ್ಲಿ ದೇಶದ ಹಲವೆಡೆ ಮೊಬೈಲುಗಳು ಒಮ್ಮೆಲೇ ಕಿರುಚಿ ಪರೀಕ್ಷಾ ಸಂದೇಶ ತೋರಿಸಿದ್ದು ಓದುಗರಿಗೆ ನೆನಪಿರಬಹುದು. ಮೊಬೈಲಿನ ಆ ಸಂದೇಶ ಸರದಿಗಾಗಿ ಕಾಯಲಿಲ್ಲ, ಮುಂದಿದ್ದ ಎಲ್ಲವನ್ನೂ ಬದಿಗೆ ಸರಿಸಿ ಬಂತು.

ಸಾರ್ವಜನಿಕ ಪರದೆಯ ತಂತ್ರಾಂಶ ಮಾಡಬೇಕಾದದ್ದೂ ಅದನ್ನೇ. ಎಚ್ಚರಿಕೆಯನ್ನು ಹದಿಮೂರನೆಯ ಪುಟವಾಗಿ ಸುತ್ತಿಗೆ ಸೇರಿಸಿದರೆ ಅದು ಕಾಣುವುದು ಎರಡು ನಿಮಿಷಕ್ಕೊಮ್ಮೆ, ಹತ್ತು ಸೆಕೆಂಡು. ಬದಲಾಗಿ ಎಚ್ಚರಿಕೆ ಬಂದ ಕೂಡಲೇ ಟೈಮರ್ ನಿಲ್ಲಬೇಕು, ಎಚ್ಚರಿಕೆಯ ಪುಟ ಎಲ್ಲ ಭಾಷೆಗಳಲ್ಲಿ ಒಟ್ಟಿಗೆ ಕಾಣಬೇಕು, ಅದರ ಮುಕ್ತಾಯದ ವೇಳೆ ಬಂದ ಮೇಲಷ್ಟೇ ಹಳೆಯ ಸರದಿ ಮುಂದುವರಿಯಬೇಕು. ತಂತ್ರಾಂಶದ ಭಾಷೆಯಲ್ಲಿ ಹೇಳುವುದಾದರೆ ಒಂದು ಕೆಲಸ ಗಡಿಯಾರದ ಮಾತು ಕೇಳುತ್ತದೆ, ಇನ್ನೊಂದು ಘಟನೆಯ ಮಾತು ಕೇಳುತ್ತದೆ, ಎರಡನೆಯದಕ್ಕೆ ಮೊದಲನೆಯದನ್ನು ತಡೆಯುವ ಅಧಿಕಾರವಿರಬೇಕು. ಹತ್ತಾರು ಸಾಲುಗಳ ಕೆಲಸ. ಆದರೂ ಇದು ಬಿಟ್ಟುಹೋಗುವುದು ಸುಲಭ, ಏಕೆಂದರೆ ಪರದೆಯನ್ನು ಒಪ್ಪಿಸುವ ದಿನ ಕಡಲು ಶಾಂತವಾಗಿರುತ್ತದೆ.

ತ್ರಾಸಿಯಂಥ ಊರಿಗೆ ಇದು ಪುಸ್ತಕದ ಮಾತಲ್ಲ. 2021ರ ಮೇ ತಿಂಗಳಲ್ಲಿ ಕರಾವಳಿಗೆ ಸಮಾನಾಂತರವಾಗಿ ಸಾಗಿ ಮೇ 17ರಂದು ಗುಜರಾತಿನಲ್ಲಿ ನೆಲ ತಲುಪಿದ ತೌಕ್ತೆ ಚಂಡಮಾರುತ, ಹೋಗುವ ದಾರಿಯಲ್ಲಿ ಉಡುಪಿ ಜಿಲ್ಲೆಯ ಮರವಂತೆ ಮುಂತಾದೆಡೆ ಕಡಲ್ಕೊರೆತ ಉಂಟುಮಾಡಿತು. ಚಂಡಮಾರುತಕ್ಕಾದರೂ ಮೋಡ, ಗಾಳಿಗಳ ಮುನ್ಸೂಚನೆ ಇರುತ್ತದೆ. ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ ಎದ್ದ ಬಿರುಗಾಳಿಯಿಂದ ಹುಟ್ಟಿ, ದಿನಗಟ್ಟಲೆ ಪಯಣಿಸಿ ದಡಕ್ಕೆ ಬರುವ ಉದ್ದನೆಯ ಅಲೆಗಳಿಗೆ ಅದೂ ಇಲ್ಲ. ಮಲಯಾಳಿಗಳು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಆಕಾಶ ಶುಭ್ರವಿರುತ್ತದೆ, ಗಾಳಿಯಿರುವುದಿಲ್ಲ, ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ ನೀರಿಗಿಳಿಯುವ ಬೆಂಗಳೂರಿನ ಕುಟುಂಬಕ್ಕೆ ಅನುಮಾನಕ್ಕೆ ಕಾರಣವೇ ಕಾಣುವುದಿಲ್ಲ. ಇಂಥ ಅಲೆಯುಬ್ಬರಕ್ಕೂ ಇನ್‌ಕಾಯ್ಸ್ ಎಚ್ಚರಿಕೆ ಹೊರಡಿಸುತ್ತದೆ. ಕಾರಿನಿಂದ ಇಳಿದವನು ಫಲಕದತ್ತ ಕಣ್ಣು ಹಾಯಿಸುವುದು ಹೆಚ್ಚೆಂದರೆ ಒಂದು ಬಾರಿ. ಆ ಗಳಿಗೆಯಲ್ಲಿ ಪರದೆಯ ಮೇಲೆ ಹೋಟೆಲಿನ ಜಾಹೀರಾತು ಇದ್ದರೆ ಎಚ್ಚರಿಕೆ ಹೊರಟೂ ತಲುಪಲಿಲ್ಲವೆಂದೇ ಅರ್ಥ. ಹೊರಟ ಎಚ್ಚರಿಕೆ ತಲುಪದಿದ್ದರೆ ಏನಾಗುತ್ತದೆಂಬುದನ್ನು 2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡುಗಳ ಮೀನುಗಾರರು ಅನುಭವಿಸಿದರು. ಹಲವು ದೋಣಿಗಳು ಅದಾಗಲೇ ಆಳಸಮುದ್ರದಲ್ಲಿದ್ದವು, ಮೊಬೈಲ್ ಸಂಕೇತ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಉಪಗ್ರಹದ ಮೂಲಕ ಸಂದೇಶ ಪಡೆಯುವ ‘ಜೆಮಿನಿ’ ಎಂಬ ಸಾಧನ 2019ರಲ್ಲಿ ಬಂದದ್ದು ಈ ಕೊರತೆಯನ್ನು ತುಂಬಲೆಂದು.

ಕರಾವಳಿಯ ದೀಪಸ್ತಂಭಗಳು ಈ ವಿದ್ಯೆಯಲ್ಲಿ ಗಣಕಕ್ಕಿಂತ ಹಿರಿಯವು. ಇದೇ ಜಿಲ್ಲೆಯ ಕಾಪು ದೀಪಸ್ತಂಭ 1901ರದು. ಪ್ರತಿ ದೀಪಸ್ತಂಭಕ್ಕೂ ಮಿನುಗುವ ತನ್ನದೇ ಅವಧಿ ಇರುತ್ತದೆ, ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು ಎಣಿಸಿಯೇ ನಾವಿಕ ತಾನೆಲ್ಲಿರುವೆನೆಂದು ಅರಿಯುತ್ತಾನೆ. ಸಂದೇಶ ಚಿಕ್ಕದು, ಅವಧಿ ಎಂದೂ ಬದಲಾಗದು, ಯಾವಾಗ ನೋಡಿದರೂ ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಸಿಗುತ್ತದೆ. ಸುತ್ತುವ ಪರದೆಗಳನ್ನು ಮಾಡುವವರು ಒಮ್ಮೆಯಾದರೂ ಅದರ ಬುಡದಲ್ಲಿ ನಿಂತು ಎಣಿಸಿ ನೋಡಬಹುದು.

ತಡೆಯುವ ಹಕ್ಕು

ಓದಲು ಹೆಚ್ಚು ಹೊತ್ತು ಬೇಕಾದವರು, ದೃಷ್ಟಿ ಮಂದವಾದವರು, ಚಲಿಸುವ ಚಿತ್ರದಿಂದ ಗಮನ ಚದುರುವವರು ಇವರೆಲ್ಲರನ್ನು ನೆನೆದು ಅಂತರಜಾಲದ ಸುಲಭಲಭ್ಯತೆಯ ನಿಯಮಗಳು ರೂಪುಗೊಂಡಿವೆ. 2008ರ ಡಿಸೆಂಬರ್ 11ರಂದು ಪ್ರಕಟವಾದ ಅವುಗಳ ಎರಡನೆಯ ಆವೃತ್ತಿಯ ಪ್ರಕಾರ, ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಇತರ ವಿಷಯಗಳ ಜೊತೆಯಲ್ಲಿ ಚಲಿಸುವ ಯಾವುದಕ್ಕೂ ತಡೆಯುವ, ನಿಲ್ಲಿಸುವ ಅಥವಾ ಮರೆಮಾಡುವ ಉಪಾಯವಿರಬೇಕು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಯಾವುದೂ ಮಿಂಚಬಾರದು, ಅದರಿಂದ ಅಪಸ್ಮಾರವಿರುವವರಿಗೆ ಸೆಳವು ಬರುವ ಅಪಾಯವಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಎಂಬ ಮಾನಕ, 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದದ್ದು, ಇಂಥ ನಿಯಮಗಳನ್ನು ಅಂತರಜಾಲ ತಾಣಗಳಿಗಷ್ಟೇ ಅಲ್ಲದೆ ತಂತ್ರಾಂಶ, ಯಂತ್ರಾಂಶಗಳಿಗೂ ವಿಸ್ತರಿಸಿದೆ. ಓದು ಬಾರದವರ ಮಾತು ಬೇರೆಯೇ. ಅವರಿಗೆ ಪರದೆ ಎಷ್ಟು ನಿಧಾನವಾದರೂ ಒಂದೇ, ಧ್ವನಿವರ್ಧಕದ ಪ್ರಕಟಣೆಯೇ ಆಧಾರ.

ಸ್ವಂತ ಕಚೇರಿಯ ಗಣಕದಲ್ಲಿ ಇಂಥದೊಂದು ಪರದೆ ನಡೆಸುವವರು ಗಮನಿಸಬೇಕಾದ ಸಣ್ಣಪುಟ್ಟ ಸಂಗತಿಗಳೂ ಇವೆ. ಗಣಕದ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಸರಿಪಡಿಸದಿದ್ದರೆ, ಪುಟ ಸರಿಯುತ್ತಿದ್ದರೂ ಕೀಲಿಮಣೆ ಮುಟ್ಟಿದವರಿಲ್ಲವೆಂದು ಪರದೆ ನಿದ್ದೆ ಹೋಗಬಹುದು. ವಿದ್ಯುತ್ ಹೋಗಿ ಬಂದ ಮೇಲೆ ತಂತ್ರಾಂಶ ತಾನಾಗಿ ಶುರುವಾಗುವಂತಿರಬೇಕು, ಮಳೆಗಾಲದ ಕರಾವಳಿಯಲ್ಲಿ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಪವರ್‌ಪಾಯಿಂಟ್‌ನಲ್ಲಿ ಸರದಿ ಓಡುತ್ತಿರುವಾಗ ಇಂಗ್ಲಿಷಿನ ಎಸ್ ಕೀಲಿ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ಎದುರು ಕುಳಿತ ಗುಮಾಸ್ತರಿಗೆ ಇದೊಂದು ಗೊತ್ತಿದ್ದರೆ, ಕನ್ನಡಕ ಹುಡುಕುತ್ತಿರುವ ಅಜ್ಜನಿಗೆ ಪುಟ ನಿಲ್ಲಿಸಿಕೊಡಬಹುದು.

ಖಾಲಿ ಪುಟಗಳನ್ನು ಸರದಿಯಿಂದ ತೆಗೆಯುವುದೂ ಮುಖ್ಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮೀನು ವಲಯದ ಸೂಚನೆಯೂ ಆಗ ಬರುವುದಿಲ್ಲ. ಆ ಪುಟ ಸುತ್ತಿನಲ್ಲಿ ಹಾಗೆಯೇ ಉಳಿದರೆ ಬೇರೆ ಪುಟಗಳ ಸರದಿಯನ್ನು ನುಂಗುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಯಂತ್ರದ ನಾಡದೋಣಿಗಳಿಗೆ ಆ ದಿನಗಳಲ್ಲಿಯೂ ಕಡಲಿಗಿಳಿಯಲು ಅವಕಾಶವಿದೆ. ದಡದಲ್ಲಿ ನಿಂತು ಅಲೆ ಎಣಿಸಿ ದೋಣಿ ನೂಕುವ ಅವರಿಗೆ ಬೇಕಾದದ್ದು ಒಂದೇ ಪುಟ: ಇಂದು ಅಲೆ ಎಷ್ಟು ಎತ್ತರ, ಗಾಳಿ ಯಾವ ಕಡೆಯಿಂದ. ಒಂದೇ ಪುಟವಿದ್ದಲ್ಲಿ ಟೈಮರಿಗೆ ತಿರುವಲು ಏನೂ ಇರುವುದಿಲ್ಲ.